‘ಲೀನ್’ ಉತ್ಪಾದನಾಕ್ರಮಕ್ಕೆ ಕನ್ನಡದ ಹೆಸರು

ಕೈಗಾರಿಕೆಯ ಗ್ರಂಥಗಳಲ್ಲಿ ‘ಲೀನ್’ ಎಂಬ ಆಂಗ್ಲಪದವು ಮೇಲಿಂದ ಮೇಲೆ ಬರುತ್ತಿರುವುದು. ಇದಕ್ಕೂ ಸಂಸ್ಕೃತದ ‘ಲೀನ’ಶಬ್ದಕ್ಕೂ ಧ್ವನಿಸಾಮ್ಯವನ್ನುಳಿದು ಬೇರೆ ಸಂಬಂಧವಿಲ್ಲ, ಮೈಯಲ್ಲಿ ಕೊಬ್ಬಿಲ್ಲದುದು ಎಂದು ಇದರ ಅರ್ಥ. ಜಪಾನಿನ ಟೊಯೋಟಾ ಕಾರ್ಖಾನೆಯ ಕ್ರಮಕ್ಕೆ 1988ರಲ್ಲಿ ಜಾನ್ ಕ್ರಾಫ್ಚಿಕ್ ಎಂಬವರು ಈ ಹೆಸರನ್ನಿಟ್ಟರು. ಇದನ್ನು ‘ಕೃಶ’ವೆಂದು ಭಾಷಾಂತರಿಸಿದರೆ ವಸ್ತುವೇ ಕೆಡುವುದೆಂದು ನಮ್ಮ ಅಭಿಪ್ರಾಯ.

ಈ ಕ್ರಮದ ಬೀಜವಿರುವುದು ಮಗ್ಗದಲ್ಲಿ. ಕುಕನೂರಿನ ಕಡೆಯವರಾದ ನಮಗೆ ಇಳಕಲ್ಲಿನ ನೇಯ್ಗೆ ಅಪರಿಚಿತವಲ್ಲ. ಹಾಸಿನ ಎಳೆ ಹರಿದರೆ ನೇಕಾರನು ಕೈಮಗ್ಗವನ್ನು ನಿಲ್ಲಿಸಿ, ಗಂಟುಹಾಕಿ ಮುಂದುವರಿಯುವನು. ತಾನಾಗಿ ನಿಲ್ಲದ ಯಂತ್ರಮಗ್ಗವಾದರೋ ಕೆಟ್ಟ ಬಟ್ಟೆಯನ್ನೇ ನೇಯುತ್ತ ಹೋಗುವುದು. ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಯಂತ್ರಮಗ್ಗವು ಎಳೆ ಹರಿದೊಡನೆ ತಾನೇ ನಿಲ್ಲುತ್ತಿದ್ದಿತು. ಆ ಮನೆತನದ ನೇಯ್ಗೆಯ ಸಂಸ್ಥೆಯಿಂದ 1943ರಲ್ಲಿ ಮೋಟಾರು ಕಾರ್ಖಾನೆಗೆ ಬಂದ ತಾಯಿಚಿ ಓಹ್ನೋ ಎಂಬವರು ಮುಂದೆ ಈ ತತ್ತ್ವವನ್ನು ಅಲ್ಲಿ ವಿಸ್ತರಿಸಿದರು. ದೋಷವನ್ನು ಕಂಡ ಕೆಲಸಗಾರನು ಇಡೀ ಸಾಲನ್ನು ನಿಲ್ಲಿಸಬಹುದು. ಮುಂದಿನ ಹಂತದವರು ಬೇಡಿದಷ್ಟನ್ನೇ ಹಿಂದಿನ ಹಂತದವರು ಮಾಡತಕ್ಕುದು. ಬೇಡಿಕೆಯನ್ನು ತಿಳಿಸುವ ಚೀಟಿಗೆ ‘ಕಾನ್‌ಬಾನ್’ ಎಂದು ಹೆಸರು. ಉಗ್ರಾಣವು ತುಂಬಿದ್ದಾಗ ದೋಷವು ಮರೆಯಲ್ಲಿರುವುದು. ಉಗ್ರಾಣವು ತಗ್ಗಿದಾಗ ಕೂಡಲೇ ಬಯಲಾಗುವುದು. ರಾಶಿಯಾಗಿ ಮಾಡಿ ಕಡೆಯಲ್ಲಿ ಪರೀಕ್ಷಿಸುತ್ತಿದ್ದ ಪದ್ಧತಿಯನ್ನು ಇದು ಹೀಗೆ ಬದಲಿಸಿತು.

ವ್ಯಾಕರಣಶಾಸ್ತ್ರದಲ್ಲಿ ಲಾಘವವೆಂಬುದೊಂದು ಗುಣ. ಸೂತ್ರಕಾರನು ಅಕ್ಷರಗಳನ್ನು ಕಡಮೆಮಾಡುವುದು ಅರ್ಥಕ್ಕೆ ಲೋಪಬಾರದಂತೆ. ಹಿಂದಿನ ಸೂತ್ರದ ಪದವು ಬೇಕಾದೆಡೆಗೆ ಅನುವೃತ್ತಿಯಿಂದ ಬರುವುದು. ಲಕ್ಷ್ಯವನ್ನು ಸಾಧಿಸದ ಸೂತ್ರವು ಎಷ್ಟು ಚಿಕ್ಕದಾದರೂ ಲಘುವೆನಿಸದು, ನ್ಯೂನವೆನಿಸುವುದು. ಮೇಲಾಗಿ ‘ಹಸ್ತಲಾಘವ’ವೆಂಬಲ್ಲಿ ಕೈಯ ನೈಪುಣ್ಯವೂ ಸೇರಿದೆ. ‘ಲಘುವಾಗಿ ಕಾಣು’ ಎಂಬ ರೂಢಿಯ ಅರ್ಥವು ಅಡ್ಡಬರುವುದೆಂದು ಶಂಕಿಸಬಹುದು. ಭಾವರೂಪವಾದ ‘ಲಾಘವ’ಕ್ಕೆ ಆ ಬಾಧೆಯಿಲ್ಲ. ಆದುದರಿಂದ ‘ಲಾಘವಕ್ರಮ’ವೆಂಬುದೇ ಯುಕ್ತ.

ಇದು ಕೇವಲ ಪಂಡಿತವಿನೋದವಲ್ಲ. ಕಿರ್ಲೋಸ್ಕರ ಸಮೂಹದೊಡನೆ ಕೂಡಿ ಟೊಯೋಟಾ 1997ರಲ್ಲಿ ಸ್ಥಾಪಿಸಿದ ಕಂಪೆನಿಯ ಮೂಲಕ ಈ ಕ್ರಮವು ನಮ್ಮ ಬಿಡದಿಗೆ ಬಂದಿತು. 2020ರ ನವೆಂಬರಿನಲ್ಲಿ ಅಲ್ಲಿ ವಿವಾದವೆದ್ದು ಬೀಗಮುದ್ರೆಯಾದಾಗ, ಕೆಲಸದ ಹೊರೆ ಅತಿಯಾಯಿತೆಂಬುದು ಕಾರ್ಮಿಕರ ದೂರು. ಶಿಸ್ತಿಗೆ ಭಂಗ ಬಂದಿತೆಂಬುದು ಆಡಳಿತದ ವಾದ. ಅದರ ನಿರ್ಣಯವು ಪ್ರಕೃತವಲ್ಲ. ಆದರೆ ಟೊಯೋಟಾ ಕ್ರಮವೇ ವ್ಯರ್ಥದ ಜತೆಗೆ ಅತಿಭಾರವನ್ನೂ ದೋಷವೆಂದೆಣಿಸಿ, ಜಪಾನೀ ಭಾಷೆಯಲ್ಲಿ ಅದನ್ನು ‘ಮುರಿ’ ಎಂದು ಕರೆದಿದೆ. ವ್ಯರ್ಥವನ್ನು ಕಳೆಯುವುದು ಬೇರೆ, ದುಡಿಯುವವರನ್ನು ಬಳಲಿಸುವುದು ಬೇರೆ. ‘ಕೃಶ’ಪದವು ಈ ಭೇದವನ್ನು ಅಳಿಸುವುದು, ‘ಲಾಘವ’ಪದವು ಉಳಿಸುವುದು. ಪಾರಿಭಾಷಿಕ ಪದಗಳನ್ನು ಕಲಿಸುವ ಅಧ್ಯಾಪಕರು ಇದನ್ನು ಪರಾಮರ್ಶಿಸಬೇಕೆಂದು ವಿಜ್ಞಾಪನೆ.