ಕಿರಿಯ ರೈಲಿನ ಕೊಂಡಿ

ಎಂಜಿನ್ನಿನ ಗಾಂಭೀರ್ಯವನ್ನು ಮೆಚ್ಚದವರಿಲ್ಲ. ಡಬ್ಬಿಗೆ ಡಬ್ಬಿಯನ್ನು ಬಿಗಿದ ಕೊಂಡಿಯತ್ತ ಕಣ್ಣು ಹಾಯಿಸುವವರು ವಿರಳ. ಆದರೆ ಮನೆಯಲ್ಲಿ ಮಾದರಿ ರೈಲನ್ನು ಓಡಿಸಬಯಸುವವರಿಗೆ ಮೊದಲು ಎದುರಾಗುವ ಸಮಸ್ಯೆ ಕೊಂಡಿಯದೇ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸಾಗುವ ಹಳಿ ಸವಣೂರು ತಾಲೂಕಿನ ಯಲವಿಗಿಯನ್ನು ಹಾಯ್ದು ಹಾವೇರಿಗೆ ಬರುತ್ತದೆ. ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಪಟ್ಟಣಗಳನ್ನು ಅದು ಮುಟ್ಟುವುದಿಲ್ಲ. ಅಲ್ಲಿಯ ಮಕ್ಕಳಿಗಾಗಿ ಮೇಜಿನ ಮೇಲೆ ಈ ದಾರಿಯನ್ನು ಕಟ್ಟುವವರು ಮೊದಲು ಕಾಲವನ್ನು ನಿಶ್ಚಯಿಸಬೇಕು. ೧೯೯೦ರ ದಶಕದವರೆಗೆ ಇಲ್ಲಿದ್ದುದು ಮೀಟರ್ ಗೇಜ್. ಆ ಡಬ್ಬಿಗಳ ತುದಿಯಲ್ಲಿ ನಟ್ಟನಡುವೆ ಒಂದೇ ಬಫರ್, ಅದರೊಡನೆಯೇ ಕೊಕ್ಕೆ. ಬ್ರಾಡ್ ಗೇಜಿನ ಹಳೆಯ ಡಬ್ಬಿಗಳಿಗಾದರೋ ಇಕ್ಕೆಲದಲ್ಲಿ ಜೋಡಿ ಬಫರ್, ನಡುವೆ ತಿರುಪಿನ ಕೊಂಡಿ. ಇಂದಿನ ಗೂಡ್ಸ್ ವ್ಯಾಗನ್ನುಗಳಿಗೆ ಮಡಚಿದ ಮುಷ್ಟಿಯಂತೆ ತಾನೇ ಕಚ್ಚಿಕೊಳ್ಳುವ ಕೊಂಡಿ. ೧೯೭೯ರಲ್ಲಿ ತೆರೆದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋದವರು ಮೀಟರ್ ಗೇಜ್ ಗಾಡಿಗಳ ತುದಿಯನ್ನೊಮ್ಮೆ ಬಗ್ಗಿ ನೋಡಬೇಕು.

ಈ ಮುಷ್ಟಿಕೊಂಡಿಯ ಹಿಂದೆ ಕರುಣಾಜನಕ ಇತಿಹಾಸವಿದೆ. ಅಮೆರಿಕದಲ್ಲಿ ಹಿಂದೆ ಆಳು ಎರಡು ಡಬ್ಬಿಗಳ ನಡುವೆ ನಿಂತು, ಕಬ್ಬಿಣದ ಬಳೆಯೊಳಗೆ ಕೈಯಿಂದಲೇ ಗೂಟವನ್ನಿಳಿಸಬೇಕಾಗಿತ್ತು. ಬೆರಳು ಕಳೆದುಕೊಂಡವರು ಅನೇಕರು, ಪ್ರಾಣವನ್ನೇ ತೆತ್ತವರೂ ಉಂಟು. ೧೮೭೩ರಲ್ಲಿ ಈಲೈ ಜಾನಿ ಎಂಬಾತ ಮುಷ್ಟಿಕೊಂಡಿಗೆ ಪೇಟೆಂಟ್ ಪಡೆದ. ೧೮೯೩ರಲ್ಲಿ ತಾನಾಗಿ ಕೂಡಿಕೊಳ್ಳುವ ಕೊಂಡಿಯನ್ನು ಅಲ್ಲಿಯ ಕಾಯಿದೆ ಕಡ್ಡಾಯಗೊಳಿಸಿತು.

ನಿಜದ ಕೊಂಡಿಯನ್ನೇ ಕಿರಿದಾಗಿಸಿದರೆ ಸಾಲದೇ? ಸಾಲದು. ನಮ್ಮ ಬ್ರಾಡ್ ಗೇಜಿನ ಅತಿ ಕಡಿದಾದ ತಿರುವಿನ ತ್ರಿಜ್ಯ ೧೭೫ ಮೀಟರ್. ಎಚ್‌ಓ ಎಂಬ ೧:೮೭ರ ಪ್ರಮಾಣದಲ್ಲಿ ಅದು ಎರಡು ಮೀಟರ್. ಮೇಜಿನ ಮೇಲಿನ ತಿರುವಿಗೆ ಸಾಮಾನ್ಯವಾಗಿ ದೊರೆಯುವುದು ಅರ್ಧ ಮೀಟರಿಗೂ ಕಡಿಮೆ. ಅಲ್ಲಿ ಜೋಡಿ ಬಫರುಗಳು ಒಂದಕ್ಕೊಂದು ಸಿಕ್ಕಿ, ವ್ಯಾಗನ್ನು ಹಳಿ ತಪ್ಪುತ್ತದೆ.

ಆದುದರಿಂದ ಚಿಕ್ಕ ಮಕ್ಕಳಿರುವ ಮನೆಗೆ ಬಳೆ-ಕೊಕ್ಕೆಯ ಅಗ್ಗದ ಕೊಂಡಿಯೇ ಲೇಸು. ನೋಟಕ್ಕೆ ಒರಟು, ಒರಟು ಕೈಗಳನ್ನೂ ತಾಳಬಲ್ಲದು. ನೈಜತೆ ಬೇಕೆನ್ನುವವರಿಗೆ ಕೇಡಿ ಕಂಪನಿಯ ಮುಷ್ಟಿಕೊಂಡಿಯುಂಟು. ಹಳಿಯ ನಡುವಿನ ಅಯಸ್ಕಾಂತದ ಮೇಲೆ ಅದನ್ನು ಕೈಯಿಡದೆ ಬಿಡಿಸಬಹುದು. ಎರಡು ಬಗೆಗಳು ಒಂದನ್ನೊಂದು ಹಿಡಿಯವು. ಸಾಲಿಗೆಲ್ಲ ಒಂದೇ ಇರಲಿ.

ಜೋಡಿಸುವಾಗ ಎತ್ತರವೇ ಮುಖ್ಯ. ಎಚ್‌ಓ ಮುಷ್ಟಿಕೊಂಡಿಯ ಮಧ್ಯಬಿಂದು ಹಳಿಯ ನೆತ್ತಿಯಿಂದ ಸುಮಾರು ೧೦ ಮಿಲಿಮೀಟರ್ ಮೇಲಿರಬೇಕು. ತಗ್ಗಿದ್ದರೆ ಗಾಲಿಯ ಬೋಗಿಗೂ ಡಬ್ಬಿಗೂ ನಡುವೆ ತೆಳು ವಾಷರ್ ಸೇರಿಸಿ. ಕೊಂಡಿ ಎಡಬಲಕ್ಕೆ ಸರಾಗವಾಗಿ ಹೊರಳಿ, ತಾನೇ ನಡುವಿಗೆ ಮರಳಬೇಕು. ಬಿಗಿಯೆನಿಸಿದರೆ ಎಣ್ಣೆ ಬೇಡ, ಧೂಳು ಅಂಟುತ್ತದೆ. ಗ್ರಾಫೈಟ್ ಪುಡಿ ಸಾಕು. ಕೊನೆಗೆ ಇಡೀ ಸಾಲನ್ನು ತಿರುವಿನಲ್ಲಿ ಹಿಮ್ಮುಖವಾಗಿ ತಳ್ಳಿ ನೋಡಿ. ಎಳೆದಾಗ ಅಡಗಿದ ದೋಷ ತಳ್ಳಿದಾಗ ಬಯಲಾಗುತ್ತದೆ.

ಕೊಂಡಿ ಸಿಕ್ಕಿಸಲು ಬೆರಳು ಚಾಚುವ ಮಗುವಿಗೆ ಬೆರಳು ತೆತ್ತವರ ಕಥೆಯನ್ನೂ ಹೇಳಿದರೆ, ಆಟದ ರೈಲು ನಿಜದ ರೈಲಿನ ಪಾಠವಾದೀತು.