ನಿಮಗಿದು ಗೊತ್ತೇ? ಗಾಲಿ ಮೇಲಿನ ಮನೆಗೂ ನಲ್ಲಿ ನೀರು!

◆ ಮುಂಬಯಿಯ ಕಾಂದಿವಲಿಯಲ್ಲಿ ಚರ್ಚ್‌ಗೇಟ್ ಕಡೆಯ ಸ್ಲೋ ಲೋಕಲ್ ಹತ್ತಿದರೆ ಎರಡನೇ ಸ್ಟೇಷನ್ ಗೋರೆಗಾಂವ್. ಅಲ್ಲಿನ ಚಿತ್ರನಗರಿಯಲ್ಲಿ ಸಾಲಾಗಿ ನಿಲ್ಲುವ ವ್ಯಾನಿಟಿ ವ್ಯಾನುಗಳಿಗೂ ಅಮೆರಿಕದ ಹಳೆಯ ಟ್ರೇಲರ್ ಮನೆಗಳಿಗೂ ನೀರಿನ ಏರ್ಪಾಡು ಹೆಚ್ಚುಕಡಿಮೆ ಒಂದೇ: ಟ್ಯಾಂಕು, ಪಂಪು, ಪೈಪು, ನಲ್ಲಿ.

◆ ಏರ್‌ಸ್ಟ್ರೀಮ್ ಕಂಪನಿ 1936ರಲ್ಲಿ ಹೊರತಂದ ‘ಕ್ಲಿಪ್ಪರ್’ ಟ್ರೇಲರ್, ನಾಲ್ವರಿಗೆ ಮಲಗುವ ಜಾಗದ ಜೊತೆಗೆ ತನ್ನ ನೀರನ್ನೂ ತಾನೇ ಹೊತ್ತೊಯ್ಯುತ್ತಿತ್ತು!

◆ ಸೊಸೈಟಿ ಕಟ್ಟಡಗಳಲ್ಲಿ ನೀರು ತಾರಸಿ ಟ್ಯಾಂಕಿನಿಂದ ತನ್ನ ಭಾರಕ್ಕೇ ಇಳಿಯುತ್ತದೆ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಟ್ರೇಲರ್‌ಗೆ ಅಷ್ಟು ಎತ್ತರ ಎಲ್ಲಿಂದ ಬರಬೇಕು? ಅದಕ್ಕೇ 12 ವೋಲ್ಟಿನ ಪಂಪು.

◆ ನಲ್ಲಿ ತಿರುಗಿಸಿದರೆ ಪಂಪು ಶುರು, ಮುಚ್ಚಿದರೆ ಬಂದ್. ಪೈಪಿನೊಳಗಿನ ಒತ್ತಡ ನೋಡಿಕೊಂಡು ಸ್ವಿಚ್ ಈ ಕೆಲಸ ಮಾಡುತ್ತದೆ. ಎಲ್ಲ ನಲ್ಲಿ ಮುಚ್ಚಿದ್ದರೂ ನಡುರಾತ್ರಿ ಪಂಪು ಆಗಾಗ ‘ಟರ್ರ್’ ಎಂದರೆ, ಎಲ್ಲೋ ನೀರು ಸೋರುತ್ತಿದೆ ಅಥವಾ ಹಿಂದಕ್ಕೆ ಜಾರುತ್ತಿದೆ ಎಂದೇ ಲೆಕ್ಕ.

◆ 1 ಲೀಟರ್ ನೀರಿನ ತೂಕ 1 ಕಿಲೋ. 100 ಲೀಟರ್ ತುಂಬಿದರೆ ಗಾಡಿಗೆ 100 ಕಿಲೋ ಹೆಚ್ಚುವರಿ ಹೊರೆ! ಆದ್ದರಿಂದ ಟ್ಯಾಂಕಿನ ಜಾಗ ಆಕ್ಸಲ್‌ಗೆ ಹತ್ತಿರವಿದ್ದರೆ ಒಳ್ಳೆಯದು.

◆ ಟ್ಯಾಂಕಿಗೆ ಗಾಳಿಯಾಡಲು ಸಣ್ಣ ಪೈಪು ಬೇಕೇ ಬೇಕು. ಅದು ಕಟ್ಟಿಕೊಂಡರೆ ನೀರು ತುಂಬುವುದೂ ಕಷ್ಟ, ಹೊರಬರುವುದೂ ಕಷ್ಟ.

◆ ಹಳೆಯ ಟ್ರೇಲರ್‌ಗಳ ತಾಮ್ರದ ಪೈಪುಗಳ ಬೆಸುಗೆಯಲ್ಲಿ ಸೀಸ ಇರಬಹುದು. ಕುಡಿಯುವ ನೀರಿನ ಪೈಪುಗಳಿಗೆ ಸೀಸದ ಬೆಸುಗೆಯನ್ನು ಅಮೆರಿಕ ನಿಷೇಧಿಸಿದ್ದು 1986ರಲ್ಲಿ. ಅದಕ್ಕೂ ಹಿಂದಿನ ಗಾಡಿಯಾದರೆ ಪೈಪು ಬದಲಿಸುವುದೇ ಕ್ಷೇಮ.

◆ ಬದಲಿಸುವವರ ಮೊದಲ ಆಯ್ಕೆ ‘ಪೆಕ್ಸ್’ ಎಂಬ ಬಾಗುವ ಪ್ಲಾಸ್ಟಿಕ್ ಪೈಪು. ಗುಂಡಿ ಬಿದ್ದ ರಸ್ತೆಯ ಕುಲುಕಾಟವನ್ನು ಅದು ತಾಳಿಕೊಳ್ಳುತ್ತದೆ. ಅಂಟು ಹಾಕಿ ಕೂಡಿಸಿದ ಗಡಸು ಪೈಪಿನ ಜಾಯಿಂಟು ಬಿರುಕು ಬಿಡುವ ಭಯವಿದೆ.

◆ ಶೀತದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಪೈಪು ಸೀಳುತ್ತದೆ. ನಮ್ಮ ಮುಂಬಯಿಯಲ್ಲಿ ಆ ಚಿಂತೆಯಿಲ್ಲ. ಇಲ್ಲಿಯ ಶತ್ರು ಬಿಸಿಲು. ಬೆಳಕು ತೂರುವ ಟ್ಯಾಂಕಿನಲ್ಲಿ ಪಾಚಿ ಬೇಗ ಕಟ್ಟುತ್ತದೆ.

◆ ಭಾಂಡುಪ್‌ನ ಶುದ್ಧೀಕರಣ ಘಟಕದಲ್ಲಿ ಶುದ್ಧವಾಗಿ ಬಂದ ನೀರೂ ಕೊಳಕು ಟ್ಯಾಂಕು ಸೇರಿದರೆ ಕೆಟ್ಟಿತು. ಟ್ಯಾಂಕು ತೊಳೆಯಲು 100 ಲೀಟರ್ ನೀರಿಗೆ ಶೇ. 5ರ, ಸುವಾಸನೆ ಬೆರೆಸದ ಬ್ಲೀಚ್ ಸುಮಾರು 100 ಮಿಲಿ ಸಾಕು. ಎಲ್ಲ ನಲ್ಲಿಗಳಲ್ಲೂ ಅದರ ವಾಸನೆ ಬರುವವರೆಗೆ ಹರಿಸಿ, 4 ಗಂಟೆ ಹಾಗೇ ಬಿಡಿ. ಬಳಿಕ ಪೂರ್ತಿ ಖಾಲಿ ಮಾಡಿ, ವಾಸನೆ ಹೋಗುವತನಕ ಶುದ್ಧ ನೀರಿನಿಂದ ತೊಳೆಯಿರಿ.

◆ ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ರೂಪಿಸಿದೆ. ನೀವೂ ಹಳೆಯ ಗಾಡಿ ಕೊಳ್ಳುವ ಆಸೆಯಲ್ಲಿದ್ದರೆ ಹೊರಗಿನ ಬಣ್ಣಕ್ಕೆ ಮರುಳಾಗಬೇಡಿ. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, ಆಮೇಲೆ ದುಡ್ಡು ಕೊಡಿ!