ಬಸ್ಸಿನಾಗ ತಂಪು, ಇಳಿದರ ಬಿಸಿಲು!

ಏಪ್ರಿಲ್ ತಿಂಗಳು. ಮಧ್ಯಾಹ್ನ ಎರಡು ಗಂಟೆ. ಧಾರವಾಡ ಕಡೆಯಿಂದ ಬಂದ ಚಿಗರಿ ಬಸ್ಸು ನವನಗರದ ನಿಲ್ದಾಣದಲ್ಲಿ ನಿಂತಿತು ಅಂತ ಇಟ್ಟುಕೊಳ್ಳಿ. ಕೈಚೀಲದಲ್ಲಿ ಕಾಯಿಪಲ್ಯೆ, ಔಷಧದ ಚೀಟಿ ಹಿಡಿದ ಒಬ್ಬ ಅಜ್ಜಿ ಇಳಿದಳು. ಅಲ್ಲಿಯವರೆಗೆ ಎ.ಸಿ. ತಂಪು. ಬಾಗಿಲು ದಾಟಿದ ಕೂಡಲೆ ಬೆಂಕಿಯಂಥ ಬಿಸಿಲು.

ಅಜ್ಜಿಯ ಮನೆ ಅಲ್ಲಿಂದ ಐದು ನೂರು ಮೀಟರು. ಮೊದಲು ಅರ್ಧ ರಸ್ತೆ ದಾಟಬೇಕು, ಯಾಕೆಂದರೆ ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ. ದಾಟಿದ ಮೇಲೆ ಫುಟ್‌ಪಾತು ಇದ್ದಲ್ಲಿ ಫುಟ್‌ಪಾತು, ಇಲ್ಲದಲ್ಲಿ ರಸ್ತೆ. ನೆರಳು ಮಾತ್ರ ಎಲ್ಲಿಯೂ ಇಲ್ಲ. ಅರ್ಧ ದಾರಿಗೆ ಸುಸ್ತಾಗಿ ಒಂದು ಕಿರಾಣಿ ಅಂಗಡಿಯ ತಗಡಿನ ಕೆಳಗೆ ನಿಂತಳು.

"ಯಪ್ಪಾ, ಒಂದೀಟು ನೆರಳಿಗೆ ಕುಂದರ್ಲೇನೋ?"

"ಕುಂದರ್ರಿ ಯವ್ವಾ, ಯಾರು ಬ್ಯಾಡ ಅಂತಾರ?"

ಈ ಮಾತುಕತೆ ಯಾವ ಸರಕಾರಿ ಕಡತದಲ್ಲೂ ಸಿಗುವುದಿಲ್ಲ. ಆದರೆ ಮರುದಿನ ಅದೇ ಅಜ್ಜಿ ಆಟೋ ಹತ್ತುತ್ತಾಳೆ, ಇಲ್ಲಾಂದ್ರೆ ಮೊಮ್ಮಗನ ಬೈಕಿನ ಹಿಂದೆ ಕೂರುತ್ತಾಳೆ. ಬಸ್ಸಿಗೆ ಒಬ್ಬ ಪ್ರಯಾಣಿಕಳು ಕಡಿಮೆ. ರಸ್ತೆಗೆ ಒಂದು ಗಾಡಿ ಜಾಸ್ತಿ. ಬಸ್ಸಿನದೇನೂ ತಪ್ಪಿಲ್ಲ. ತಪ್ಪು ಇರುವುದು ಆ ಐದು ನೂರು ಮೀಟರಿನಲ್ಲಿ.

ಸಾಲುಮರ ಹೋದ ಮೇಲೆ

ಹುಬ್ಬಳ್ಳಿ–ಧಾರವಾಡ ನಡುವಿನ ಬಿಆರ್‌ಟಿಎಸ್ ದಾರಿ ಸುಮಾರು 22 ಕಿಲೋಮೀಟರು. 2018ರಲ್ಲಿ ಪ್ರಾಯೋಗಿಕ ಓಡಾಟ ಶುರುವಾಯಿತು. 2020ರ ಫೆಬ್ರುವರಿಯಲ್ಲಿ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ಉದ್ಘಾಟನೆಯೂ ಆಯಿತು. ಹಳೆಯ ಪಿ.ಬಿ. ರೋಡನ್ನು ಅಗಲ ಮಾಡಿ, ನಡುವೆ ಬಸ್ಸಿಗೇ ಬೇರೆ ಪಥ ಬಿಟ್ಟು, ಬದಿಗೆ ಉಳಿದ ವಾಹನಗಳಿಗೆ ದಾರಿ ಮಾಡಿದರು. ರಸ್ತೆ ಅಗಲ ಆದಾಗ ಅಂಗಡಿಗಳ ಮುಂಗಟ್ಟು ಹೋಯಿತು, ಅಂಚಿನ ಮರಗಳೂ ಹೋದವು.

ಬಿಆರ್‌ಟಿಎಸ್ ಬೇಕಿತ್ತೋ ಬ್ಯಾಡಿತ್ತೋ ಎಂಬ ಜಗಳ ಎರಡೂ ಊರಿನ ಚಹಾದಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ. ಅದು ಬೇರೆ ಮಾತು. ರಸ್ತೆ ಆಗಿದೆ, ಬಸ್ಸು ಓಡುತ್ತಿದೆ. ಈಗ ಕೇಳಬೇಕಾದ ಪ್ರಶ್ನೆ ಇಷ್ಟೇ: ಆ ಬಸ್ಸಿನ ಆಸುಪಾಸಿನ ಬಡಾವಣೆಗಳು ಬಸ್ಸಿಗೆ ಮುಖ ಮಾಡಿವೆಯೋ, ಬೆನ್ನು ಮಾಡಿವೆಯೋ?

ದೊಡ್ಡವರ ಭಾಷೆಯಲ್ಲಿ ಇದಕ್ಕೆ 'ಸಾರಿಗೆ ಆಧಾರಿತ ಅಭಿವೃದ್ಧಿ' ಎಂದು ಹೆಸರು. 2017ರಲ್ಲಿ ಕೇಂದ್ರ ಸರಕಾರ ಇದರ ಬಗ್ಗೆ ಒಂದು ರಾಷ್ಟ್ರೀಯ ನೀತಿಯನ್ನೇ ಹೊರಡಿಸಿತು. ನಿಲ್ದಾಣದಿಂದ 500–800 ಮೀಟರು, ಅಂದರೆ ಕಾಲ್ನಡಿಗೆಯ ಅಂತರದೊಳಗೆ, ಮನೆ, ಅಂಗಡಿ, ಕಚೇರಿ ಎಲ್ಲ ಒತ್ತಾಗಿ ಬರಲಿ, ಜನ ಗಾಡಿ ಬಿಟ್ಟು ನಡೆದು ಬಂದು ಬಸ್ಸು, ರೈಲು ಹತ್ತಲಿ ಎಂಬುದು ಅದರ ಸಾರ.

ಮಾತು ಬಂಗಾರದಂಥದ್ದು. ಆದರೆ ಈ ನೀತಿ ಊರಿಗೆ ಇಳಿಯುವ ಹೊತ್ತಿಗೆ ಚರ್ಚೆಯೆಲ್ಲ ಒಂದೇ ಕಡೆ ವಾಲುತ್ತದೆ: ಎಷ್ಟು ಅಂತಸ್ತು ಕಟ್ಟಬಹುದು? ಎಷ್ಟು ಫ್ಲ್ಯಾಟು ಮಾರಬಹುದು? ಎರಡು ಕಟ್ಟಡಗಳ ನಡುವಿನ ನೆಲದ ಗತಿ ಏನು ಅಂತ ಕೇಳುವವರು ಕಡಿಮೆ. ನಡೆಯುವುದು ಆ ನೆಲದ ಮೇಲೆ ತಾನೆ?

ಲೆಕ್ಕ ಹಾಕಿ. ಐದು ನೂರು ಮೀಟರು ಕಾಲೇಜು ಹುಡುಗನಿಗೆ ಆರು ನಿಮಿಷ. ಮೊಣಕಾಲು ನೋವಿರುವ ಅಜ್ಜಿಗೆ ಹನ್ನೆರಡು. ನೆರಳಿದ್ದರೆ ಹನ್ನೆರಡು ನಿಮಿಷವೂ ನಡೆಯಬಹುದು. ನೆರಳಿಲ್ಲದಿದ್ದರೆ ಆರು ನಿಮಿಷವೂ ಶಿಕ್ಷೆ.

ಚಿಗರಿಯ ಮುತ್ತಜ್ಜನ ಊರು

ಬಸ್ಸಿಗೇ ಬೇರೆ ಪಥ ಎಂಬ ಯೋಚನೆ ಜಗತ್ತಿನಲ್ಲಿ ಹೆಸರು ಮಾಡಿದ್ದು ಬ್ರೆಜಿಲ್ ದೇಶದ ಕುರಿಟಿಬಾ ಎಂಬ ಊರಿನಿಂದ. 1971ರಲ್ಲಿ ಅಲ್ಲಿನ ಮೇಯರ್ ಆದ ಜೈಮೆ ಲರ್ನರ್ ವೃತ್ತಿಯಿಂದ ವಾಸ್ತುಶಿಲ್ಪಿ. 1974ರಲ್ಲಿ ಅಲ್ಲಿ ಬಸ್ಸಿನ ಪಥ ಶುರುವಾಯಿತು. ಆ ದಾರಿಯ ಅಂಚಿಗೆ ಎತ್ತರದ ಮನೆಗಳು, ಹಿಂದೆ ಸರಿದಂತೆ ಗಿಡ್ಡ ಮನೆಗಳು ಎಂದು ನಿಯಮ ಮಾಡಿದರು.

ಇಷ್ಟನ್ನು ನಮ್ಮವರೂ ಓದಿದ್ದಾರೆ. ಆದರೆ ಕತೆಯ ಇನ್ನೊಂದು ಅರ್ಧ ಇದೆ. ಅದೇ ವರ್ಷಗಳಲ್ಲಿ ಆ ಊರು ಪ್ರವಾಹದ ನೀರಿಗೆ ಜಾಗ ಹುಡುಕಿತು. ಹೊಳೆಯಂಚಿನ ತಗ್ಗಿನಲ್ಲಿ ಮನೆ ಕಟ್ಟಲು ಬಿಡದೆ ಉದ್ಯಾನ ಮಾಡಿತು. 1972ರ ಬರಿಗೂಯಿ ಉದ್ಯಾನ ಅಂಥದ್ದು. ಮಳೆ ಜೋರಾದರೆ ನೀರು ಅಲ್ಲಿನ ಕೆರೆಯಲ್ಲಿ, ಹುಲ್ಲಿನಲ್ಲಿ ನಿಲ್ಲುತ್ತದೆ, ಮನೆಗೆ ನುಗ್ಗುವುದಿಲ್ಲ. ಹುಲ್ಲು ಕತ್ತರಿಸಲು ಯಂತ್ರದ ಬದಲು ಕುರಿ ಬಿಟ್ಟ ಊರು ಅದು! ಬಸ್ಸು, ಮನೆ, ನೀರು, ಹಸಿರು ನಾಲ್ಕನ್ನೂ ಒಂದೇ ಹೊತ್ತಿಗೆ ಯೋಚಿಸಿದರು. ನಾವು ಬಸ್ಸು ತಂದೆವು, ಉಳಿದದ್ದನ್ನು ಆಮೇಲೆ ನೋಡೋಣ ಅಂದೆವು.

ಆಮೇಲೆ ಏನಾಯಿತು? ಧಾರವಾಡದ ಟೋಲ್ ನಾಕಾ ಹತ್ತಿರ ದೊಡ್ಡ ಮಳೆ ಬಿದ್ದಾಗ ರಸ್ತೆಯೇ ಹಳ್ಳ ಆಗಿದ್ದನ್ನು ಈ ಜಿಲ್ಲೆಯವರು ಒಂದಲ್ಲ, ಹಲವು ಸಲ ನೋಡಿದ್ದಾರೆ. ನೀರಿಗೂ ಒಂದು ನಿಲ್ದಾಣ ಬೇಕು. ಅದನ್ನು ಕೊಡದಿದ್ದರೆ ಅದು ಬಸ್ಸಿನ ನಿಲ್ದಾಣಕ್ಕೇ ಬಂದು ನಿಲ್ಲುತ್ತದೆ.

ಸಿಂಗಪುರದವರ ಲೆಕ್ಕ ಇನ್ನೂ ಕಟ್ಟುನಿಟ್ಟು. ಅಲ್ಲೂ ಬಿಸಿಲು, ಮಳೆ ಎರಡೂ ಜಾಸ್ತಿ. 2013ರಿಂದ ಪ್ರತಿ ಮೆಟ್ರೊ ನಿಲ್ದಾಣದ ಸುತ್ತ 400 ಮೀಟರೊಳಗೆ ಶಾಲೆ, ಆಸ್ಪತ್ರೆ, ಮಾರುಕಟ್ಟೆಗಳಿಗೆ ಹೋಗಲು ಸೂರು ಇರುವ ಕಾಲುದಾರಿ ಕಟ್ಟಿಸುವ ಕೆಲಸ ಹಿಡಿದರು. ಮೆಟ್ರೊ ಇರುವ ಬಿಶಾನ್, ಆಂಗ್ ಮೊ ಕಿಯೊ ಎಂಬ ಎರಡು ವಸತಿ ಪಟ್ಟಣಗಳ ನಡುವೆ 2.7 ಕಿಲೋಮೀಟರಿನ ಕಾಂಕ್ರೀಟ್ ಗಟಾರ ಇತ್ತು. ಅದನ್ನು ಒಡೆದು, ಮೊದಲಿನ ಹಾಗೆ ಬಳುಕುವ ಹೊಳೆ ಮಾಡಿ, 62 ಹೆಕ್ಟೇರ್ ಉದ್ಯಾನದೊಳಗೆ ಸೇರಿಸಿದರು. 2012ರಲ್ಲಿ ಕೆಲಸ ಮುಗಿಯಿತು.

"ಅವರು ಸಾಹುಕಾರರ್ರೀ, ನಮ್ಮ ಕೈಲೆ ಎಲ್ಲಿ ಆಗತೈತಿ?" ಅಂತ ಯಾರಾದರೂ ಅನ್ನಬಹುದು. ಸೂರು ಕಟ್ಟಲು ದುಡ್ಡು ಬೇಕು, ಖರೆ. ಆದರೆ ಹೊಂಗೆ ಗಿಡ ಹಚ್ಚಲು ಸಿಂಗಪುರದ ಖಜಾನೆ ಬೇಕಿಲ್ಲ.

ಯಾವ ಗಿಡ, ಎಷ್ಟು ಗುಂಡಿ?

ಊರೂರಿನ ದೊಡ್ಡ ರಸ್ತೆಗಳ ನಡುಗಟ್ಟೆ ನೋಡಿ. ಅಲಂಕಾರದ ತಾಳೆ, ಕಾಗದದ ಹೂವು, ಕತ್ತರಿಸಿದ ಪೊದೆ. ಕಾರಿನಲ್ಲಿ ಕೂತವನಿಗೆ ಚೆಂದ. ಆದರೆ ನಡುಗಟ್ಟೆಯ ತಾಳೆಮರದ ಕೆಳಗೆ ಯಾರು ನಿಲ್ಲುತ್ತಾರೆ? ಹಸಿರು ಬೇಕಾದದ್ದು ನಡೆಯುವವನ ತಲೆಯ ಮೇಲೆ.

ಹೊಂಗೆ ಈ ಸೀಮೆಗೆ ಹೇಳಿ ಮಾಡಿಸಿದ ಮರ. ಯುಗಾದಿ ಹೊತ್ತಿಗೆ ಚಿಗುರಿ, ಬಿಸಿಲು ಏರುವಾಗ ದಟ್ಟ ನೆರಳು ಕೊಡುತ್ತದೆ. ಬೇವು ನೀರು ಕಡಿಮೆಯಾದರೂ ತಡೆಯುತ್ತದೆ. ಜಾಗ ವಿಶಾಲ ಇದ್ದಲ್ಲಿ ಹುಣಸೆ, ನೇರಳೆ. ಆಲ, ಅರಳಿ ಉದ್ಯಾನಕ್ಕೆ ಸರಿ, ಗಟಾರದ ಪಕ್ಕಕ್ಕೆ ಬೇಡ. ಗುಲ್‌ಮೊಹರ್ ಹೂವು ಕಣ್ಣಿಗೆ ಹಬ್ಬ, ಆದರೆ ಟೊಂಗೆ ಮೆದು. ಗಾಳಿಮಳೆಗೆ ಮುರಿದು ಬೀಳುವ ಮರವನ್ನು ಜನ ನಿಲ್ಲುವ ಕಡೆ ಹಚ್ಚಬಾರದು. ಕರೆಂಟಿನ ತಂತಿ ಕೆಳಗೆ ಎತ್ತರದ ಗಿಡ ಹಚ್ಚಿ, ಆಮೇಲೆ ವರ್ಷಾ ವರ್ಷ ತಲೆ ಕಡಿಯುವುದೂ ಬೇಡ.

ಗಿಡ ಹಚ್ಚಿದರೆ ಸಾಲದು, ಬುಡ ಉಸಿರಾಡಬೇಕು. ಕಾಂಡದವರೆಗೂ ಸಿಮೆಂಟು ಮೆತ್ತಿದರೆ ಮರ ಬಾಯಾರಿ ಸಾಯುತ್ತದೆ. ದಿಲ್ಲಿಯ ಮರಗಳ ವಿಷಯದಲ್ಲಿ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬುಡದ ಸುತ್ತ ಒಂದು ಮೀಟರಿನ ಕಾಂಕ್ರೀಟು ತೆಗೆಯಿರಿ ಎಂದು ಆದೇಶಿಸಿತ್ತು. ಆ ಒಂದು ಮೀಟರಿನ ಕಡೆಗೆ ರಸ್ತೆಯ ನೀರು ಹರಿಯುವಂತೆ ಅಂಚುಗಲ್ಲಿನಲ್ಲಿ ಸಣ್ಣ ಕಿಂಡಿ ಬಿಟ್ಟರೆ ಮರಕ್ಕೆ ನೀರೂ ಆಯಿತು, ಗಟಾರದ ಭಾರವೂ ಇಳಿಯಿತು. ಮೊದಲ ಎರಡು ಮೂರು ಬೇಸಿಗೆ ಮಾತ್ರ ಕೈಯಾರೆ ನೀರು ಹಾಕಬೇಕು. ವನಮಹೋತ್ಸವದ ಫೋಟೊ ಜುಲೈನಲ್ಲಿ ತೆಗೆಯುತ್ತಾರೆ. ಗಿಡದ ನಿಜವಾದ ಪರೀಕ್ಷೆ ಮುಂದಿನ ಮಾರ್ಚಿಗೆ.

ಅಂಗಡಿಕಾರರೂ ಕೇಳಬೇಕು

ಅಂಗಡಿಯವರಿಗೆ ಮರ ಅಂದರೆ ಒಂದು ಅಂಜಿಕೆ: "ಬೋರ್ಡು ಮುಚ್ಚತೈತ್ರಿ." ಅಂಜಿಕೆ ಸುಳ್ಳಲ್ಲ, ಆದರೆ ಮದ್ದು ಇದೆ. ಗಿಡ ಎಳೆಯದಿರುವಾಗಲೇ ಕೆಳಗಿನ ಟೊಂಗೆ ಸವರಿ ಹತ್ತು ಅಡಿ ಮೇಲಕ್ಕೆ ಏರಿಸಿದರೆ ಬೋರ್ಡೂ ಕಾಣುತ್ತದೆ, ನೆರಳೂ ಬೀಳುತ್ತದೆ. ನೆರಳಿಗೆ ನಿಂತವನು ಎರಡು ನಿಮಿಷಕ್ಕೆ ಒಂದು ಸೋಡಾನಾದರೂ ಕುಡಿಯುತ್ತಾನೆ. ಬಿಸಿಲಿನಲ್ಲಿ ಓಡುವವನು ಅಂಗಡಿ ಕಡೆ ತಿರುಗಿಯೂ ನೋಡುವುದಿಲ್ಲ.

ಇನ್ನೊಂದು ಮಾತು, ಬೇಜಾರು ಬೇಡ. ಫುಟ್‌ಪಾತಿನ ಮೇಲೆ ಹಾಲಿನ ಕ್ರೇಟು, ಕಬ್ಬಿಣದ ಬೋರ್ಡು, ಮಾಲೀಕರದೇ ಸ್ಕೂಟರು ಇಟ್ಟವರು ಯಾರು? ಇಬ್ಬರು ಎದುರಾ ಬದುರಾ ಸರಾಗವಾಗಿ ಹಾಯಲು 1.8 ಮೀಟರು ಖಾಲಿ ಜಾಗ ಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಅಷ್ಟನ್ನು ಬಿಟ್ಟುಕೊಟ್ಟರೆ ಗಿರಾಕಿಗೇ ದಾರಿ ಬಿಟ್ಟಂತೆ. ಬುಟ್ಟಿ ಇಟ್ಟುಕೊಂಡು ಪೇರಲ ಮಾರುವವರನ್ನು ಓಡಿಸಿದರೆ ಫುಟ್‌ಪಾತು ಸರಿಹೋಗದು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಅವರಿಗೂ ಗೊತ್ತಾದ ಜಾಗ ಕೊಡಬೇಕು. ನಿಲ್ದಾಣದ ಹತ್ತಿರ, ಮರದ ಕೆಳಗೆ ಕೊಟ್ಟರೆ ಸಂಜೆ ಹೊತ್ತು ಒಂಟಿಯಾಗಿ ಇಳಿಯುವ ಹೆಣ್ಣುಮಕ್ಕಳಿಗೂ ಧೈರ್ಯ.

ಬೀಗ ಹಾಕಿದ ಉದ್ಯಾನ

ಬಡಾವಣೆಗಳ ಉದ್ಯಾನಗಳದ್ದು ಮತ್ತೊಂದು ಕತೆ. ಸುತ್ತ ಕಾಂಪೌಂಡು, ಒಂದೇ ಗೇಟು, ಅದೂ ಬಸ್ಸಿನ ದಾರಿಗೆ ವಿರುದ್ಧ ದಿಕ್ಕಿಗೆ. ಬೆಳಿಗ್ಗೆ ವಾಕಿಂಗಿನವರು ಮನೆಗೆ ಹೋದ ಮೇಲೆ ಬೀಗ. ಬಿಸಿಲು ಏರಿ ನೆರಳು ಬೇಕಾದ ಹೊತ್ತಿಗೇ ಉದ್ಯಾನ ಬಂದ್! ಬೆಂಗಳೂರಿನಲ್ಲಿ ಇದೇ ದೂರು ಇತ್ತು. 2024ರಲ್ಲಿ ಅಲ್ಲಿನ ಪಾಲಿಕೆ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡಲು ತೀರ್ಮಾನಿಸಿದರು.

ಬಸ್ಸಿನ ಕಡೆಗೆ ಎರಡನೆಯ ಗೇಟು ಒಡೆದರೆ ಉದ್ಯಾನವೇ ಮನೆಯ ದಾರಿ ಆಗುತ್ತದೆ. ನಡುವೆ ಎರಡು ಕಟ್ಟೆ, ಒಂದು ದೀಪ, ಒಂದು ನಳ ಸಾಕು. ಕಾರಂಜಿ ಆಮೇಲೆ ನೋಡೋಣ.

ಕಾನೂನು ಇಲ್ಲ ಅಂತೇನೂ ಅಲ್ಲ. ಊರಿನ ಮರ ಕಡಿಯಲು ಅನುಮತಿ ಬೇಕು ಎನ್ನುವ ರಾಜ್ಯದ ಕಾಯಿದೆ 1976ರದು. ಉದ್ಯಾನ, ಆಟದ ಬಯಲು ಉಳಿಸುವ ಕಾಯಿದೆ 1985ರದು. ಇರುವುದನ್ನು ಉಳಿಸಲು ಇವೆರಡು ಆದವು. ಇಲ್ಲದ್ದನ್ನು ಬೆಳೆಸಲು ಬೇಕಾದದ್ದು ಒಂದು ನಕ್ಷೆ: ಪ್ರತಿ ನಿಲ್ದಾಣದ ಸುತ್ತ ಐದು ನೂರು ಮೀಟರಿನ ಗೆರೆ ಎಳೆದು, ಯಾವ ಬೀದಿಯಲ್ಲಿ ನೆರಳಿಲ್ಲ, ಎಲ್ಲಿ ಫುಟ್‌ಪಾತು ತುಂಡಾಗಿದೆ, ಎಲ್ಲಿ ನೀರು ನಿಲ್ಲುತ್ತದೆ ಎಂದು ಗುರುತು ಹಾಕಿದ ನಕ್ಷೆ. ಅದಕ್ಕೆ ದೊಡ್ಡ ಸಲಹೆಗಾರರು ಬೇಕಿಲ್ಲ. ಇಂಜಿನಿಯರು, ತೋಟಗಾರಿಕೆಯವರು, ವಾರ್ಡಿನ ಪ್ರತಿನಿಧಿ ಮೂವರೂ ಒಂದು ದಿನ ಜೀಪು ಬಿಟ್ಟು, ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ, ನಿಲ್ದಾಣದಿಂದ ಅಜ್ಜಿಯ ಮನೆತನಕ ನಡೆದರೆ ನಕ್ಷೆ ತಾನಾಗಿಯೇ ಆಗುತ್ತದೆ.

ಛತ್ರಿ ಮಾತ್ರ ತರಬಾರದು.